ಬೂದಿ ಬಕೆಟ್ಟಿನ ಹಿಂದಿನ ಪಾತ್ರೆ

ಕಣ್ಣು ಬಿಡುವ ಮೊದಲೇ ತುರ್ಗುನ್ ಕೈಯಿಂದ ತನ್ನ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡ. ನಿನ್ನೆಯ ಊಟ ಇನ್ನೂ ಅಲ್ಲೇ ಇತ್ತು. ಪಕ್ಕೆಲುಬಿನ ಕೆಳಗೆ, ಒದ್ದೆ ಮರಳಿನ ಚೀಲದ ಹಾಗೆ, ಅವನು ಮಗ್ಗುಲಾದ ಕಡೆಗೆ ಅದೂ ವಾಲಿಕೊಂಡು ಮಲಗಿತ್ತು. ಹೊರಗೆ ಸೊಸೆ ಮಫ್ತುನಾ ಅಂಗಳ ಗುಡಿಸುತ್ತಿದ್ದಳು. ಆ ಪೊರಕೆಯ ಸದ್ದು ನಿಲ್ಲಲಿ ಎಂದು ಅವನು ಕಾದ. ಹಿತ್ತಲ ಮೂಲೆಯ ಕಕ್ಕಸಿಗೆ ಹೋಗಬೇಕಾದರೆ ಇಡೀ ಅಂಗಳ ದಾಟಬೇಕು, ತಗಡಿನ ಬಾಗಿಲ ಹಿಂದೆ ಬಹಳ ಹೊತ್ತು ಕೂರಬೇಕು, ಕೂತು ಏನೂ ಆಗದೆ ಎದ್ದು ಬರಬೇಕು. ಆ ಬಾಗಿಲನ್ನು ಬಡಿದು ಮಾಡಿದವನು ಅವನೇ. ಕೋಕಂದಿನ ಅರ್ಧ ಊರಿಗೆ ಒಲೆಯ ಹೊಗೆಕೊಳವೆ, ಬಕೆಟ್ಟು, ಮಳೆನೀರಿನ ದೋಣಿ ಮಾಡಿಕೊಟ್ಟ ತಗಡಿನ ಕೆಲಸದವನು ತನ್ನ ಮನೆಯದಕ್ಕೆ ಉಳಿಕೆ ತುಂಡು ಹಾಕಿ ಮುಗಿಸಿದ್ದ. ಕೆಳಗೆ ಕಾಲು ಕಾಣುತ್ತಿತ್ತು. ಒಳಗೆ ಯಾರು, ಎಷ್ಟು ಹೊತ್ತಿನಿಂದ ಎಂಬುದು ಮನೆಮಂದಿಗೆಲ್ಲ ಗೊತ್ತಾಗುತ್ತಿತ್ತು. ಕೊನೆಗೆ ತಡೆಯಲಾರದೆ ಎದ್ದು ಹೊರಗೆ ಬಂದ. ಅವನನ್ನು ಕಂಡ ಕೂಡಲೆ ಸೊಸೆ, ಆಗಲೇ ಗುಡಿಸಿ ಮುಗಿಸಿದ್ದ ಜಾಗವನ್ನೇ ಮತ್ತೆ ಗುಡಿಸುತ್ತ ಬೀದಿ ಬಾಗಿಲ ಕಡೆಗೆ ಸರಿದುಹೋದಳು, ಬೆನ್ನು ತಿರುಗಿಸಿ. ಆ ಮರ್ಯಾದೆ ಅವನಿಗೆ ಚುಚ್ಚಿತು. ಅವಳು ನಕ್ಕಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಅಂಗಳದ ಚಪ್ಪರದಲ್ಲಿ ಕೊನೆಯ ದ್ರಾಕ್ಷಿ ಒಣಗಿ ಸುಕ್ಕಾಗಿತ್ತು. ಅದರ ಕೆಳಗಿನ ಕಟ್ಟೆಯ ಮೇಲೆ ಊಟದ ವಸ್ತ್ರ ಹಾಸಿ ಖೋಲಿದಾ ರೊಟ್ಟಿ ಮುರಿದಿಟ್ಟಿದ್ದಳು. ಪಕ್ಕದಲ್ಲಿ ಗಟ್ಟಿ ಕೆನೆಯ ಬಟ್ಟಲು. ಕೆನೆಯ ಮೇಲೆ ಹಳದಿ ಎಣ್ಣೆ ಬಿಟ್ಟುಕೊಂಡಿತ್ತು. ಅದನ್ನು ನೋಡಿಯೇ ತುರ್ಗುನ್‌ನ ಗಂಟಲಲ್ಲಿ ಏನೋ ಮೇಲಕ್ಕೆ ಬಂದು ಕೆಳಕ್ಕೆ ಹೋಯಿತು.

"ಇವತ್ತು ಗುರುವಾರ," ಖೋಲಿದಾ ಕುದಿಯುವ ಚಹಾವನ್ನು ಮರ್ಯಾದೆಗೆ ತಕ್ಕಂತೆ ಬಟ್ಟಲ ತಳ ಮುಚ್ಚುವಷ್ಟು ಮಾತ್ರ ಬಗ್ಗಿಸಿ ಅವನ ಕೈಗಿಟ್ಟಳು. "ಅಂಗಡೀಲಿ ಆ ತೊಟ್ಟಿಲು ಮಾರೋನ ಜೊತೆ ಹರಟ್ಕೊಂಡು ಕೂರಬೇಡಿ. ಬಿಸಿಲು ಇಳಿಯೋ ಹೊತ್ತಿಗೆ ಎಣ್ಣೆ ಕಾಯಿಸ್ತೀನಿ."

"ಹೂಂ."

"ಬಾಲದ ಕೊಬ್ಬು ತಂದಿದೀನಿ. ಕುರಿ ಕಡಿಯೋ ಹೊತ್ತಿಗೇ ಹೋಗಿ ನಿಂತಿದ್ದೆ. ಕನ್ನಡೀಲಿ ಮುಖ ನೋಡ್ಕೊಂಡಿದೀರಾ? ಕುತ್ತಿಗೆ ನೂಲಾಗಿದೆ. ತಂಪು ಹೊಕ್ಕಿದೆ ನಿಮ್ಮ ಹೊಟ್ಟೇಲಿ, ನಾನು ಹೇಳ್ತಾನೇ ಇದೀನಿ. ಉಷ್ಣದ್ದು ಬೀಳಬೇಕು, ಜಿಡ್ಡು ಬೀಳಬೇಕು. ಕೆನೆ ಹಚ್ಕೊಳ್ಳಿ."

"ಹಚ್ಕೊಂಡೆ."

"ಅದೇನು ಹಚ್ಚೋದು, ಗೋಡೆಗೆ ಸುಣ್ಣ ಹೊಡೆದ ಹಾಗೆ. ಕೊಡಿ ಇಲ್ಲಿ."

ಅವಳೇ ಹಚ್ಚಿಕೊಟ್ಟಳು. ಅವನು ತಿಂದ. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ಮದುವೆಯಾದ ಮೊದಲ ವರ್ಷದಿಂದ ಅವಳು ನೋಡುವುದು ಅವನ ಬಾಯಿಯನ್ನು. ಕಣ್ಣು ಹೇಗಿದೆ, ಮುಖ ಹೇಗಿದೆ ಎಂದು ನೋಡುವುದು ಆಮೇಲೆ. ತುತ್ತು ಹೋಗುತ್ತದೆ, ದವಡೆ ಆಡುತ್ತದೆ, ಗಂಟಲ ಗಂಟು ಏರಿ ಇಳಿಯುತ್ತದೆ, ಆಗ ಅವಳ ಭುಜ ಸಡಿಲವಾಗುತ್ತದೆ. ಇದು ಎಲ್ಲಿಂದ ಶುರುವಾಯಿತು ಎಂದು ಅವನಿಗೆ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮಾಡಿದ ಮೊದಲ ಪಲೋವ್‌ನ ಅಕ್ಕಿ ಮುದ್ದೆಯಾಗಿತ್ತು. ಅವನ ತಾಯಿ ನೆರೆಮನೆಯ ಹೆಂಗಸರ ಎದುರು ಒಂದು ತುತ್ತು ಬಾಯಿಗಿಟ್ಟು, ಒಲೆಗೆ ಉಗುಳಿ, ಹರಿವಾಣ ಎತ್ತಿಕೊಂಡು ಹೋಗಿ ನಾಯಿಯ ಮುಂದೆ ಬೋರಲು ಹಾಕಿದ್ದಳು. ಗಂಡಸರ ಕಡೆ ಕೂತಿದ್ದ ತುರ್ಗುನ್ ಅದನ್ನು ಕಂಡ. ಅವನಿಗೆ ಆ ಮುದ್ದೆ ಅಕ್ಕಿ ರುಚಿಯಾಗಿಯೇ ಇತ್ತು. ಆದರೂ, ತಾಯಿ ಉಗುಳಿದ್ದನ್ನು ಮಗ ತಿನ್ನುವುದು ಹೇಗೆ ಎಂದೋ ಏನೋ, ಬೆರಳಲ್ಲಿ ಹಿಡಿದಿದ್ದ ತುತ್ತನ್ನು ತನ್ನ ಮುಂದಿದ್ದ ಹರಿವಾಣದ ಅಂಚಿಗೆ ಒರೆಸಿ ಕೈ ಹಿಂದೆಗೆದುಕೊಂಡಿದ್ದ. ಬಾಗಿಲ ಸಂದಿಯಲ್ಲಿ ಹೊಸ ಮದುವಣಗಿತ್ತಿಯ ಮುಸುಕು ಅಲುಗಿತ್ತು. ಅವಳು ನೋಡಿದಳೋ ಇಲ್ಲವೋ ಅವನು ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ.

ತಾಯಿ ಈಗ ಮಣ್ಣಿನಲ್ಲಿದ್ದಾಳೆ. ಆದರೂ ಪ್ರತಿ ಗುರುವಾರ ಬರುತ್ತಾಳೆ. ಸತ್ತವರು ಗುರುವಾರ ಸಂಜೆ ತಮ್ಮ ತಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಕಾದ ಎಣ್ಣೆಯ ವಾಸನೆ ಬಂದರೆ ಮಕ್ಕಳು ನಮ್ಮನ್ನು ನೆನೆದರು ಎಂದು ತಣ್ಣಗೆ ಹೋಗುತ್ತಾರೆ, ಬರದಿದ್ದರೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಖೋಲಿದಾ ಒಂದು ಗುರುವಾರವೂ ತಪ್ಪಿಸಿದವಳಲ್ಲ. ತನ್ನ ಅನ್ನವನ್ನು ನಾಯಿಗೆ ಹಾಕಿದ ಅತ್ತೆಗಾಗಿಯೇ ವಾರವಾರವೂ ಕೊಬ್ಬು ಕಾಯಿಸುತ್ತಾಳೆ. ಭಕ್ತಿಯಿಂದಲೋ, ಈಗ ಮೂಸಿ ನೋಡು ಮುದುಕಿ ಎಂಬ ಹಟದಿಂದಲೋ, ತುರ್ಗುನ್‌ಗೆ ಇವತ್ತಿಗೂ ತಿಳಿದಿಲ್ಲ. ತಾಯಿ ವಾಸನೆ ನೋಡಿ ಹೋಗಿಬಿಡುತ್ತಾಳೆ. ತಿನ್ನಬೇಕಾದವನು ಇವನು.

ಬಜಾರಿನ ತಗಡಿನ ಸಾಲಿನಲ್ಲಿ ಬಿಸಿಲು ಓರೆಯಾಗಿ ಬಿದ್ದಿತ್ತು. ಚಳಿ ಹತ್ತಿರ ಬಂದಿತ್ತು, ಎಲ್ಲರಿಗೂ ಹೊಗೆಕೊಳವೆ ಬೇಕು. ತುರ್ಗುನ್ ತಗಡನ್ನು ಕಬ್ಬಿಣದ ಕೋಲಿನ ಮೇಲೆ ಬಾಗಿಸಿ ಮರದ ಸುತ್ತಿಗೆಯಿಂದ ಅಂಚು ಮಡಿಸತೊಡಗಿದ. ಪ್ರತಿ ಏಟೂ ಕೈಯಿಂದ ತೋಳಿಗೆ, ತೋಳಿನಿಂದ ನೇರ ಹೊಟ್ಟೆಗೆ ಇಳಿದು ಅಲ್ಲಿಯ ಮರಳಿನ ಚೀಲವನ್ನು ಕುಲುಕುತ್ತಿತ್ತು. ತೇಗು ಬಂದರೆ ಬೆಳಗಿನ ಕೆನೆ, ಕೆನೆಯ ಹಿಂದೆ ನಿನ್ನೆಯ ಕರಿದ ಮಾಂಸ, ಅದರ ಹಿಂದೆ ಇನ್ನಾವುದೋ ಹಳೆಯ ಊಟ, ಸರದಿಯಲ್ಲಿ ನಿಂತವರ ಹಾಗೆ. ತಾನು ಮಾಡುವ ಕೊಳವೆಯಲ್ಲಿ ಹೊಗೆ ಹೋಗಬೇಕು, ಎಲ್ಲೂ ನಿಲ್ಲಬಾರದು. ಬಾಗು ಹೆಚ್ಚಾದರೆ, ಮಸಿ ಕಟ್ಟಿದರೆ, ಒಲೆ ಮನೆಯೊಳಗೇ ಹೊಗೆ ಕಾರುತ್ತದೆ. ಇಷ್ಟು ತಿಳಿದವನಿಗೆ ತನ್ನೊಳಗಿನ ಕೊಳವೆಯ ವಿಷಯದಲ್ಲಿ ಮಾತ್ರ ಬುದ್ಧಿ ಬರಲಿಲ್ಲ. ಇಂಥ ಗಂಡಸರು ಬಹಳ ಮಂದಿ ಇದ್ದಾರೆ. ತಗಡಿನ ಮುಂದೆ ಹುಲಿ, ಹರಿವಾಣದ ಮುಂದೆ ಇಲಿ.

ಎದುರಿನ ಅಂಗಡಿಯಲ್ಲಿ ಬಣ್ಣದ ತೊಟ್ಟಿಲುಗಳ ನಡುವೆ ಕೂತಿದ್ದ ಹೊಶಿಮ್ ಕೂಗಿದ. "ಏನಯ್ಯಾ ತುರ್ಗುನ್, ನೀನು ಬಡಿಯೋದು ಕೇಳಿಸ್ತಿದೆಯೋ ಇಲ್ಲ ನಿನ್ನ ಹೊಟ್ಟೇದೋ?"

"ನಿನ್ನ ಕಿವೀದು. ಒಳಗೆ ಟೊಳ್ಳಲ್ವಾ."

"ಮೂರು ತೊಟ್ಟಿಲು ಮಾರಿದೆ ಬೆಳಗಿಂದ. ಒಂದು ನಿನಗೆ ಇಟ್ಟಿದೀನಿ. ಸೊಸೆ ಏನಾದ್ರೂ ಸುದ್ದಿ ಕೊಟ್ಳಾ, ಇಲ್ಲ ನೀನೇ ಬಸುರಿಯೋ? ದಿನಾ ಕೈ ಹೊಟ್ಟೆ ಮೇಲೇ ಇರತ್ತೆ."

ಅಕ್ಕಪಕ್ಕದವರು ನಕ್ಕರು. ತುರ್ಗುನ್ ಕೂಡ ನಕ್ಕ, ಕೈ ತೆಗೆದ. ಕೈ ಅಲ್ಲಿತ್ತು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಹೀಗೆಯೇ ಪರರ ಮುಂದೆ ಮಾನ ಹೋಗಿತ್ತು, ಈ ವಸಂತದಲ್ಲಿ, ಏಪ್ರಿಕಾಟ್ ಹೂ ಬಿಟ್ಟ ಕಾಲ. ಮಗ ಬಹ್ರಾಂ ವ್ಯಾನು ನಿಲ್ಲಿಸಲು ಜಾಗ ಹುಡುಕುತ್ತ ಹೋಗಿದ್ದರಿಂದ ಒಳಗೆ ಅವನ ಜೊತೆ ಬಂದವಳು ಸೊಸೆ. ಗಂಟಲೊಳಗೆ ರಬ್ಬರು ಕೊಳವೆ ಇಳಿಸಿದಾಗ ಅವನು ಎತ್ತಿನ ಹಾಗೆ ಒದರಿದ್ದ, ಕಣ್ಣಿಂದ ಮೂಗಿಂದ ಸುರಿದಿತ್ತು, ಗಲ್ಲದ ಮೇಲೆ ಜೊಲ್ಲು. ತುಟಿಗೆ ಬಣ್ಣ ಹಚ್ಚಿಕೊಂಡಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವನನ್ನು ಬಿಟ್ಟು ಅವನ ತಲೆಯ ಮೇಲಿಂದ ಸೊಸೆಯೊಡನೆ ಮಾತಾಡಿದಳು. ನಿಮ್ಮ ಮಾವನಿಗೆ ಹೊಟ್ಟೆಯ ಒಳಪದರ ಊದಿದೆ. ಕೊಬ್ಬು ಬೇಡ, ಕರಿದದ್ದು ಬೇಡ, ಕುದಿಯುವ ಚಹಾ ಬೇಡ. ಹೆಸರುಕಾಳು, ಕುಂಬಳಕಾಯಿ, ಬೀಟ್ರೂಟು ಬೇಯಿಸಿ ಕೊಡಿ, ಮೊಸರು ಕೊಡಿ, ಸ್ವಲ್ಪ ಸ್ವಲ್ಪವೇ ಅಗಿದು ತಿನ್ನಲಿ, ಹೊತ್ತಿಗೆ ಮುಂಚೆ ತಿಂದು ಒಂದಿಷ್ಟು ನಡೆಯಲಿ. ಸೊಸೆ ತನ್ನ ತಲೆವಸ್ತ್ರದ ತುದಿಯಿಂದ ಅವನ ಗಲ್ಲ ಒರೆಸಿದ್ದಳು. ಮನೆಗೆ ಬಂದ ಮೇಲೆ ಖೋಲಿದಾ ಕಡಾಯಿಯ ಪಕ್ಕದಿಂದ ಎದ್ದು, ಕೈಯಲ್ಲಿ ಜಾಲರಿ ಸೌಟು ಹಿಡಿದು, ಏನಂದ್ರು ಅಂತ ಕೇಳಿದಳು. ಆ ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಗ್ಯಾಸಂತೆ, ಅಂದ ಇವನು. ಅಷ್ಟೇ ಹೇಳಿದ್ದು. ಸೊಸೆ ಅವನ ಮುಖ ನೋಡಿದಳು. ಹೇಳಬೇಡ ಎಂದು ಅವನು ಕಣ್ಣಲ್ಲೇ ಹೇಳಿದ.

ಮಾರನೆಯ ದಿನ ಮಧ್ಯಾಹ್ನ ಇಳಿದ ಹೊತ್ತು ಅವನು ಯಾವುದೋ ಕತ್ತರಿ ತರಲು ಮನೆಗೆ ಬಂದಿದ್ದ. ಖೋಲಿದಾ ಆ ಹೊತ್ತು ಮಲಗುವವಳು. ರೊಟ್ಟಿ ಸುಡುವ ತಂದೂರಿನ ಚಪ್ಪರದಿಂದ ಸೊಸೆ ಸನ್ನೆ ಮಾಡಿದಳು. ಬೂದಿ ಬಕೆಟ್ಟಿನ ಹಿಂದಿನಿಂದ ನೀಲಿ ಬಣ್ಣದ ಒಂದು ಸಣ್ಣ ಪಾತ್ರೆ ತೆಗೆದಳು. ಅದರಲ್ಲಿ ಹೆಸರುಕಾಳಿನ ಗಂಜಿ, ಎಣ್ಣೆಯಿಲ್ಲದ್ದು, ಮೇಲೆ ಒಂದು ಚಮಚ ಮೊಸರು. "ಮಾವ, ತಗೊಳ್ಳಿ, ಆರಿದೆ," ಎಂದಳು. ಅವನು ಗೋಡೆಗೆ ಆನಿಕೊಂಡು ನಿಂತೇ ತಿಂದ. ಕಳ್ಳನ ಹಾಗೆ ತಿಂದ. ಅದು ಒಳಗೆ ಹೋಗಿ ಎಲ್ಲೂ ತಡವರಿಸದೆ ಇಳಿಯಿತು. ಹಾಗೆ ಇಳಿಯುವುದು ಎಂದರೆ ಏನೆಂಬುದೇ ಅವನಿಗೆ ಮರೆತುಹೋಗಿತ್ತು. "ಇದನ್ನ ಯಾರಿಗೂ ತೋರಿಸಬೇಡ ತಾಯಿ, ಬಚ್ಚಿಡು," ಎಂದ. ಅವಳು ಯಾಕೆ ಎಂದು ಕೇಳಲಿಲ್ಲ. ಒಂದು ಮನೆಯಲ್ಲಿ ಎರಡನೇ ಪಾತ್ರೆ ಬೆಂಕಿಗೆ ಏರಿತು ಎಂದರೆ ಏನರ್ಥ ಎಂದು ಸೊಸೆಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಅಂಗಳದ ನಡುವೆ ನಿಂತ ಮಣ್ಣಿನ ಗೋಡೆಯೇ ಹೇಳುತ್ತದೆ. ತುರ್ಗುನ್‌ನ ಅಣ್ಣನ ಹೆಂಡತಿ ಒಂದು ಚಳಿಗಾಲ ತನ್ನ ಮಗುವಿಗೆಂದು ಮೂಲೆಯಲ್ಲಿ ಬೇರೆ ಪಾತ್ರೆ ಇಟ್ಟಳು. ವಸಂತ ಬರುವ ಹೊತ್ತಿಗೆ ಆ ಗೋಡೆ ಎದ್ದಿತ್ತು. ಈಗ ಗೋಡೆಯಾಚೆ ಅವರು ಕೆಮ್ಮಿದರೂ ಈಚೆ ಯಾರೂ ಹೇಗಿದೀರಿ ಎನ್ನುವುದಿಲ್ಲ.

ಹಾಗಾಗಿ ಅವನು ಎರಡೂ ಊಟ ಮಾಡಿದ. ಇಳಿಹೊತ್ತಿಗೆ ಗಂಜಿ, ಸಂಜೆಗೆ ಖೋಲಿದಾಳ ಕಡಾಯಿಯದು. ಗಂಜಿಯಿಂದ ಹಗುರಾದ ಹೊಟ್ಟೆಯ ಮೇಲೆ ಕೊಬ್ಬು ಕವುಚಿ ಬೀಳುತ್ತಿತ್ತು. ತಿಂಗಳು ತಿಂಗಳಿಗೆ ಅವನು ಇಳಿದುಹೋದ, ಅವನು ಇಳಿದಷ್ಟೂ ಖೋಲಿದಾ ಕೊಬ್ಬು ಹೆಚ್ಚಿಸಿದಳು, ಕೊಬ್ಬು ಹೆಚ್ಚಿದಷ್ಟೂ ಸೊಸೆ ಗಂಜಿ ತೆಳ್ಳಗೆ ಮಾಡಿದಳು. ಇಬ್ಬರು ಹೆಂಗಸರು ತನ್ನ ಹೊಟ್ಟೆಯೊಳಗೆ ಕೂತು ಒಬ್ಬರಿಗೊಬ್ಬರು ಕಾಣದ ಹಾಗೆ ಹಗ್ಗ ಜಗ್ಗುತ್ತಿದ್ದಾರೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಎರಡು ಕಡೆಯನ್ನೂ ಗೆಲ್ಲಿಸಲು ಹೊರಟ ಮಧ್ಯಸ್ಥ ತಾನು.

ಈ ಗುರುವಾರ ಅವನಿಗೆ ಅದೂ ಸಾಕಾಯಿತು. ಇಳಿಹೊತ್ತಾದಾಗ ಸುತ್ತಿಗೆ ಕೆಳಗಿಟ್ಟ, ಎದ್ದ, ಮತ್ತೆ ಕೂತ. ಇವತ್ತು ಗಂಜಿ ಬೇಡ. ಹೇಗೂ ಸಂಜೆ ಪಲೋವ್ ತಿನ್ನಲೇಬೇಕು, ಒಂದನ್ನಾದರೂ ಬಿಟ್ಟರೆ ಒಂದರ ಭಾರ ತಪ್ಪೀತು. ಯೋಚಿಸಿದರೆ ಇದರಷ್ಟು ದಡ್ಡತನ ಇನ್ನೊಂದಿಲ್ಲ, ಬಿಡುವುದಾದರೆ ಬಿಡಬೇಕಾದದ್ದು ಯಾವುದು ಎಂದು ಎಳೆ ಮಗುವೂ ಹೇಳುತ್ತದೆ. ಆದರೆ ಸೊಸೆ ಏನೂ ಅನ್ನುವುದಿಲ್ಲ. ಏನೂ ಅನ್ನದವರನ್ನು ಕಾಯಿಸುವುದು ಸುಲಭ. ಅವನು ಇನ್ನೊಂದು ತಗಡು ಎಳೆದುಕೊಂಡ, ನೆರಳು ಬೀದಿ ದಾಟುವ ತನಕ ಬಡಿದ. "ಇವತ್ತೇನು ಮನೆಗೆ ಓಡಲಿಲ್ಲ?" ಎಂದು ಹೊಶಿಮ್ ಕೇಳಿದ್ದಕ್ಕೆ, "ಕೆಲಸ ಇದೆ," ಎಂದ.

ಬೀದಿ ತಿರುಗುವಾಗಲೇ ಕೊಬ್ಬಿನ ವಾಸನೆ ಎದುರಾಯಿತು. ಎಲ್ಲ ಮನೆಗಳ ಮೇಲೂ ನೀಲಿ ಹೊಗೆ ನಿಂತಿತ್ತು, ಎಲ್ಲ ಬಾಗಿಲಲ್ಲೂ ಸತ್ತವರು ನಿಂತಿದ್ದರು. ತನ್ನ ಬಾಗಿಲಲ್ಲಿ ಅವನು ಅಭ್ಯಾಸಬಲದಿಂದ ಸ್ವಲ್ಪ ಪಕ್ಕಕ್ಕೆ ಸರಿದು, ತಾಯಿಗೆ ದಾರಿ ಬಿಡುವವನ ಹಾಗೆ, ಒಳಗೆ ಕಾಲಿಟ್ಟ. ಕಟ್ಟೆಯ ಮೇಲೆ ಊಟದ ವಸ್ತ್ರ ಹಾಸಿತ್ತು. ಅದರ ನಟ್ಟನಡುವೆ, ರೊಟ್ಟಿ ಇಡುವ ಜಾಗದಲ್ಲಿ, ನೀಲಿ ಪಾತ್ರೆ ಕೂತಿತ್ತು. ಮುಚ್ಚಳದ ಮೇಲೆ ಬೂದಿ.

ಮಗ ಬಹ್ರಾಂ ಕಟ್ಟೆಯ ಅಂಚಿನಲ್ಲಿ ವ್ಯಾನಿನ ಬೀಗದ ಕೈ ತಿರುಗಿಸುತ್ತ ಕೂತಿದ್ದ. ಮಫ್ತುನಾ ನಲ್ಲಿಯ ಬಳಿ ಮೂಲಂಗಿ ಹೆಚ್ಚುತ್ತಿದ್ದಳು, ತಲೆವಸ್ತ್ರ ಹುಬ್ಬಿನ ತನಕ ಇಳಿದಿತ್ತು, ಕೆನ್ನೆ ಊದಿತ್ತು.

"ನೋಡಿ, ನಿಮ್ಮ ಸೊಸೆ ಮಾಡಿರೋ ಸಂಸಾರ," ಖೋಲಿದಾ ಕಡಾಯಿಯ ಪಕ್ಕದಿಂದ ತಿರುಗದೆ ಹೇಳಿದಳು. "ಒಲೆ ಬಳಿಯೋಣ ಅಂತ ಬೂದಿ ಬಕೆಟ್ಟು ಎತ್ತಿದೆ. ಹಿಂದೆ ಬೆಚ್ಚಗೆ ಕೂತಿದೆ. ನನ್ನ ಮನೇಲಿ, ನಾನು ಬದುಕಿರೋವಾಗಲೇ."

"ಏನಿದೆ ಅದರಲ್ಲಿ?" ಎಂದ ತುರ್ಗುನ್. ಕೇಳಿದ ಮೇಲೆ ಅವನಿಗೆ ಅಸಹ್ಯವಾಯಿತು.

"ಗಂಜಿ. ನಮ್ಮ ಊಟ ರಾಣಿಗೆ ಗಂಟಲಲ್ಲಿ ಇಳಿಯಲ್ವಂತೆ. ಯಾರಿಗೆ ಮಾಡಿದೆ ಅಂದ್ರೆ ಬಾಯಿಲ್ಲ. ಯಾವಾಗಿಂದ ಅಂದ್ರೆ ಬಾಯಿಲ್ಲ. ಆಚೆ ಮನೆಯವಳೂ ಮೊದಲು ಹೀಗೇ ಮೂಗಿ ಆಗಿದ್ದಳು."

"ನಾನೂ ಕೇಳಿದೆ ಅಪ್ಪಾ," ಬಹ್ರಾಂ ತಲೆ ಎತ್ತದೆ ಹೇಳಿದ. "ತುಟಿಯೇ ಬಿಚ್ಚಲ್ಲ. ಬೆಳಿಗ್ಗೆ ಅವರಮ್ಮನ ಮನೆಗೆ ಬಿಟ್ಟು ಬರ್ತೀನಿ. ಅಲ್ಲಿ ಎಷ್ಟು ಪಾತ್ರೆ ಬೇಕಾದ್ರೂ ಇಟ್ಕೊಳ್ಳಲಿ."

ಮೂಲಂಗಿ ಹೆಚ್ಚುವ ಚಾಕುವಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಸೊಸೆ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ಆಗಲೇ ಹೇಳಿಬಿಡುತ್ತಿದ್ದನೇನೋ. ನೋಡಲಿಲ್ಲ ಎಂಬುದನ್ನೇ ಹಿಡಿದುಕೊಂಡು ಅವನು ಕೈ ತೊಳೆದ, ಮುಖ ತೊಳೆದ, ತೊಳೆದದ್ದನ್ನೇ ಮತ್ತೆ ತೊಳೆದ, ಕಟ್ಟೆ ಹತ್ತಿ ತನ್ನ ಜಾಗದಲ್ಲಿ ಕೂತ. ಊಟ ಮುಗಿಯಲಿ, ಆಮೇಲೆ ಖೋಲಿದಾಳನ್ನು ಒಳಗೆ ಕರೆದು ಮೆಲ್ಲಗೆ ಹೇಳೋಣ. ಎಲ್ಲರ ಮುಂದೆ ಹೇಳಿದರೆ ಅವಳಿಗೆ ಅವಮಾನ. ಹೀಗೆ ಅವಳ ಮಾನದ ಹೆಸರಿನಲ್ಲಿ ತನ್ನ ಹೆದರಿಕೆಯನ್ನು ಬೆಚ್ಚಗೆ ಹೊದಿಸಿ ಕೂತ. ಬೆಳಗಿನ ರೊಟ್ಟಿಯ ನಂತರ ಏನೂ ತಿಂದಿರಲಿಲ್ಲ, ಹೊಟ್ಟೆ ಉರಿಯುತ್ತಿತ್ತು. ಎದುರಿಗಿದ್ದ ನೀಲಿ ಪಾತ್ರೆಯ ಗಂಜಿಗಾಗಿ ಬಾಯಲ್ಲಿ ನೀರೂರಿದ್ದು ಗೊತ್ತಾಗಿ ಅವನು ಕಣ್ಣು ಬೇರೆಡೆ ತಿರುಗಿಸಿದ.

ಹರಿವಾಣ ಬಂತು. ಅಕ್ಕಿ ಬಿಡಿಬಿಡಿಯಾಗಿ ಹೊಳೆಯುತ್ತಿತ್ತು, ನಡುವೆ ಹಳದಿ ಗಜ್ಜರಿ, ಇಡೀ ಬೆಳ್ಳುಳ್ಳಿ, ಮೇಲೆ ಮಾಂಸ, ಮಾಂಸದ ಮೇಲೆ ಕೊಬ್ಬಿನ ಚೂರುಗಳು ಹೊನ್ನಿನ ಹಾಗೆ. ಇಂಥ ಪಲೋವ್ ಆ ಬೀದಿಯಲ್ಲಿ ಯಾರ ಮನೆಯಲ್ಲೂ ಆಗುತ್ತಿರಲಿಲ್ಲ, ಅದನ್ನು ಖೋಲಿದಾಳ ಶತ್ರುಗಳೂ ಒಪ್ಪುತ್ತಿದ್ದರು. ಆಮೀನ್ ಎಂದು ಎಲ್ಲರೂ ಮುಖ ಸವರಿಕೊಂಡರು. ಗುರುವಾರದ ಪಲೋವ್‌ನ ಮೊದಲ ತುತ್ತನ್ನು ಖೋಲಿದಾ ತಾನೇ ಬೆರಳಲ್ಲಿ ಕಟ್ಟಿ ಪ್ರತಿಯೊಬ್ಬರ ಬಾಯಿಗೂ ಇಡುವುದು ವಾಡಿಕೆ. ಆ ತುತ್ತಿಗೆ ಬೇಡ ಎನ್ನುವ ಹಾಗಿಲ್ಲ. ಹೊಟ್ಟೆ ಬಿರಿಯುವ ಅತಿಥಿಯೂ ಬಾಯಿ ತೆರೆಯುತ್ತಾನೆ. ಮೊದಲು ಗಂಡನಿಗೆ. ಅವಳು ಅಕ್ಕಿ, ಗಜ್ಜರಿ, ಕೊಬ್ಬಿನ ಒಂದು ಚೂರು ಸೇರಿಸಿ ಹರಿವಾಣದ ಅಂಚಿಗೆ ಒತ್ತಿ, ಹೆಬ್ಬೆರಳಿನಿಂದ ಅವನ ಬಾಯಿಗೆ ತಳ್ಳಿದಳು. ಅವನು ನುಂಗಿದ. ಅವಳು ಅವನ ಗಂಟಲು ನೋಡಿದಳು. ಆಮೇಲೆ ಮಗನಿಗೆ. ಬಹ್ರಾಂ ಸಿಡುಕು ಮುಖದಲ್ಲೇ ಬಾಯಿ ತೆರೆದ.

ಆಮೇಲೆ ಸೊಸೆಯ ಸರದಿ. ಮಫ್ತುನಾ ಕಟ್ಟೆಯ ಕೆಳತುದಿಯಲ್ಲಿ ಮೊಣಕಾಲೂರಿ ಕೂತಿದ್ದಳು. ಅತ್ತೆಯ ಕೈ ಏಳುವ ಮೊದಲೇ ಅವಳ ಮುಖ ತಾನಾಗಿ ಸ್ವಲ್ಪ ಮುಂದೆ ಬಂತು, ತುಟಿ ಸ್ವಲ್ಪ ಬಿಚ್ಚಿತು. ಪ್ರತಿ ಗುರುವಾರದ ರೂಢಿ, ಅಷ್ಟೇ. ಖೋಲಿದಾಳ ಕೈ ಅವಳ ಮುಂದಿನಿಂದ ಹಾದು ಹೋಗಿ ಹರಿವಾಣಕ್ಕೆ ವಾಪಸಾಯಿತು. ಬಿಚ್ಚಿದ ಬಾಯಿ ಹಾಗೇ ಒಂದು ಕ್ಷಣ ಉಳಿಯಿತು. ಆಮೇಲೆ ಅವಳು ಅದನ್ನು ಮುಚ್ಚಿಕೊಂಡಳು, ಯಾರೂ ನೋಡದ ಬಾಗಿಲನ್ನು ಮುಚ್ಚುವ ಹಾಗೆ.

ತುರ್ಗುನ್ ನೋಡಿದ್ದ. ಆಸ್ಪತ್ರೆಯಲ್ಲಿ ಅವನ ಗಲ್ಲ ಒರೆಸಿದ ತಲೆವಸ್ತ್ರದ ತುದಿ ಅವಳ ಭುಜದ ಮೇಲಿತ್ತು. ಆ ಹಳೆಯ ದಿನದ ಬಾಗಿಲ ಸಂದಿಯಲ್ಲಿ ಮತ್ತೆ ಒಂದು ಮುಸುಕು ಅಲುಗಿತು, ನಾಯಿ ಹರಿವಾಣ ನೆಕ್ಕುತ್ತಿತ್ತು, ಬೆರಳಲ್ಲಿ ಹಿಡಿದ ತುತ್ತು ಇನ್ನೂ ಬೆಚ್ಚಗಿತ್ತು. ಖೋಲಿದಾಳ ಕೈ ಇನ್ನೊಂದು ತುತ್ತು ಕಟ್ಟಿಕೊಂಡು ಮತ್ತೆ ಅವನ ಬಾಯಿಯ ಮುಂದೆ ಬಂದು ನಿಂತಿತ್ತು. ಇದರಲ್ಲಿ ಕೊಬ್ಬು ಹೆಚ್ಚಿತ್ತು.

"ತೆಗೀರಿ ಬಾಯಿ," ಎಂದಳು. "ನೂಲಾಗಿದೀರಿ."

ಅವನು ಬಾಯಿ ತೆರೆಯಲಿಲ್ಲ.

"ತೆಗೀರಿ ಅಂದೆ."

"ಆ ಪಾತ್ರೆ ನನ್ನದು," ಎಂದ ತುರ್ಗುನ್.

"ಯಾವ ಪಾತ್ರೆ?"

"ಅದೇ. ಗಂಜಿ ನನಗೆ. ಡಾಕ್ಟರಮ್ಮ ಹೇಳಿದ್ದು. ನಾನೇ ಇವಳಿಗೆ ಬಚ್ಚಿಡು ಅಂದೆ, ಬಾಯಿ ಬಿಡಬೇಡ ಅಂದೆ."

"ಗ್ಯಾಸು ಅಂದ್ರಿ."

"ಸುಳ್ಳು ಹೇಳಿದೆ. ಹೊಟ್ಟೆ ಒಳಗೆ ಊದಿದೆ. ಕೊಬ್ಬು ತಿನ್ನೋ ಹಾಗಿಲ್ಲ."

ಬಹ್ರಾಂ ಬೀಗದ ಕೈ ತಿರುಗಿಸುವುದನ್ನು ನಿಲ್ಲಿಸಿ ಹೆಂಡತಿಯ ಕಡೆ ನೋಡಿದ. ಅವಳು ತಲೆ ಬಗ್ಗಿಸಿಯೇ ಇದ್ದಳು.

"ಯಾವಾಗಿಂದ?" ಖೋಲಿದಾಳ ಕೈ ಗಾಳಿಯಲ್ಲೇ ಇತ್ತು. ಕೊಬ್ಬು ಕರಗಿ ಮಣಿಕಟ್ಟಿನ ತನಕ ಇಳಿಯುತ್ತಿತ್ತು.

"ಏಪ್ರಿಕಾಟ್ ಹೂ ಬಿಟ್ಟಾಗಿಂದ."

"ಮತ್ತೆ ನನ್ನ ಅಡಿಗೆ?"

"ಅದನ್ನೂ ತಿಂತಿದ್ದೆ."

"ಎರಡೂ?"

"ಎರಡೂ."

ಬಹ್ರಾಂನ ಮೂಗಿನಿಂದ ನಗೆಯಂಥ ಒಂದು ಸದ್ದು ಹೊರಟು ಅಲ್ಲೇ ಸತ್ತಿತು. ಖೋಲಿದಾ ಕೈಯಲ್ಲಿದ್ದ ತುತ್ತನ್ನು ನೋಡಿದಳು. ಹರಿವಾಣಕ್ಕೆ ಒರೆಸುತ್ತಾಳೆ ಎಂದು ತುರ್ಗುನ್ ಅಂದುಕೊಂಡ. ಅವಳು ಒರೆಸಲಿಲ್ಲ, ತಾನೇ ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದಳು. ಅದರಲ್ಲಿ ಏನು ಕೊರತೆಯಿದೆ ಎಂದು ಹುಡುಕುವ ಹಾಗೆ ಬಹಳ ಹೊತ್ತು ಅಗಿದಳು.

"ಇವಳು ಒಲೆ ಬೇರೆ ಹೂಡ್ತಿದಾಳೆ ಅಂತ ತಿಳ್ಕೊಂಡಿದ್ದೆ," ಎಂದಳು ನುಂಗಿದ ಮೇಲೆ. ಅವಳ ದನಿಯಲ್ಲಿ ಈಗ ಜೋರಿರಲಿಲ್ಲ. "ಅದಾಗಿದ್ರೆ ಎಷ್ಟೋ ವಾಸಿ. ಬೈದು ಸರಿ ಮಾಡ್ಕೋಬಹುದಿತ್ತು. ಒಲೆ ಬೇರೆ ಹೂಡಿದ್ದು ನೀವು."

ನಿನಗೆ ನೋವಾಗಬಾರದು ಅಂತ, ಎಂದು ಹೇಳಬಹುದಿತ್ತು. ಆ ಮಾತು ಬಾಯಿಯ ತನಕ ಬಂದು ಬೆಳಗಿನ ಕೆನೆಯ ಹಾಗೆ ಅಲ್ಲೇ ಹುಳಿಯಾಯಿತು. ಅಂಗಳದ ಗೋಡೆಯಾಚೆ ಅಣ್ಣನ ಮನೆಯಲ್ಲಿ ಯಾರೋ ಕೆಮ್ಮಿದರು. ಬೀದಿ ಬಾಗಿಲು ಅರ್ಧ ತೆರೆದೇ ಇತ್ತು. ತಾಯಿ ಇನ್ನೂ ಹೋಗಿರಲಾರಳು, ಇಂಥದ್ದನ್ನು ಬಿಟ್ಟು ಹೋಗುವವಳಲ್ಲ.

ಖೋಲಿದಾ ಕೈ ಚಾಚಿ ನೀಲಿ ಪಾತ್ರೆಯನ್ನು ಎಳೆದುಕೊಂಡಳು. ಮುಚ್ಚಳದ ಬೂದಿಯನ್ನು ಊದಿ, ತೆಗೆದು, ಬೆರಳು ಅದ್ದಿ ನಾಲಗೆಗಿಟ್ಟಳು. ತುರ್ಗುನ್ ಒಲೆಯ ಕಡೆ ನೋಡಿದ. ಇವಳು ಉಗುಳಬಹುದು, ಉಗುಳುವ ಹಕ್ಕು ಈಗ ಇವಳದು.

"ಉಪ್ಪಿಲ್ಲ," ಎಂದಳು.

"ಕಮ್ಮಿ ಹಾಕಿ ಅಂದಿದ್ರು ಅತ್ತೆ," ಎಂದಳು ಸೊಸೆ. ಆ ದಿನ ಅವಳ ಬಾಯಿಂದ ಬಂದ ಮೊದಲ ಮಾತು.

"ಕಾಳೂ ಬಿರಿದಿಲ್ಲ. ಹೆಸರುಕಾಳು ಬಾಯಿ ಬಿಡೋ ತನಕ ಬೇಯಬೇಕು, ಇಲ್ಲದಿದ್ರೆ ಇದೂ ಗಾಳಿಯೇ. ನಿನಗೆ ನಿಮ್ಮಮ್ಮ ಏನೂ ಕಲಿಸಿಲ್ಲ. ಅರೆಬೆಂದಿದ್ದು ಹಾಕಿ ಕೊಲ್ತಿದ್ದೆ ಇವರನ್ನ."

"ಕದ್ದು ಬೇಯಿಸ್ತಿದ್ದೆ ಅತ್ತೆ. ನೀವು ಏಳೋದ್ರೊಳಗೆ ಇಳಿಸಬೇಕಿತ್ತು."

ಖೋಲಿದಾ ಹರಿವಾಣದ ತನ್ನ ಮಗ್ಗುಲಿನಿಂದ ಒಂದು ತುತ್ತು ಕಟ್ಟಿದಳು, ಒರಟಾಗಿ, ಮಣ್ಣು ಒತ್ತುವವಳ ಹಾಗೆ. ಮುಂದೆ ಬಾಗಿ ಸೊಸೆಯ ಬಾಯಿಗೆ ತಳ್ಳಿದಳು. ಎರಡು ಅಗುಳು ಮಡಿಲಿಗೆ ಬಿದ್ದವು. ಮಫ್ತುನಾ ಅವನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದವಡೆ ಆಡುತ್ತಿತ್ತು, ಎರಡೂ ಒಟ್ಟಿಗೇ.

ಆಮೇಲೆ ಖೋಲಿದಾ ಅದೇ ಕೈಯನ್ನು ಗಂಜಿಯ ಪಾತ್ರೆಗೆ ಹಾಕಿದಳು. ಚಮಚ ಪಕ್ಕದಲ್ಲೇ ಇತ್ತು. ಗಂಜಿ ತುತ್ತಾಗಿ ಕೂಡಿಬರಲಿಲ್ಲ, ಬೆರಳ ಸಂದಿಯಿಂದ ಸೋರಿತು. ಅವಳು ಮತ್ತೆ ಕೈ ಹಾಕಿ, ಬೊಗಸೆ ಮಾಡಿ, ಸೋರುವುದನ್ನು ಎಡಗೈಯಿಂದ ತಡೆಯುತ್ತ ಗಂಡನ ಬಾಯಿಯ ಹತ್ತಿರ ತಂದಳು. ಊಟದ ವಸ್ತ್ರದ ಮೇಲೆ, ರೊಟ್ಟಿಯ ಮೇಲೆ, ಅವನ ಮೊಣಕಾಲ ಮೇಲೆ ತೊಟ್ಟಿಕ್ಕಿತು.

"ತೆಗೀರಿ ಬಾಯಿ," ಎಂದಳು.

ಅವನು ತೆರೆದ. ಅರ್ಧ ಬಾಯಿಗೆ, ಅರ್ಧ ಗಡ್ಡಕ್ಕೆ ಹೋಯಿತು. ಆರಿದ ಗಂಜಿಯಲ್ಲಿ ಜೀರಿಗೆಯ, ಬಾಲದ ಕೊಬ್ಬಿನ ರುಚಿಯಿತ್ತು, ಅವಳ ಬೆರಳಿಗೆ ಅಂಟಿದ್ದದ್ದು. ಅಷ್ಟು ಕೊಬ್ಬು ಎಲ್ಲಿಗೂ ಹೋಗುವಂಥದ್ದಲ್ಲ, ತೊಳೆದರೂ ಹೋಗುವಂಥದ್ದಲ್ಲ. ಡಾಕ್ಟರಮ್ಮ ಹೇಳಿದ್ದು ನೆನಪಾಗಿ, ಅಗಿಯಲು ಏನೂ ಇಲ್ಲದಿದ್ದರೂ ಅವನು ಅಗಿದ. ನುಂಗಿದ. ಗಂಟಲ ಗಂಟು ಏರಿ ಇಳಿಯಿತು. ಆದರೆ ಈ ಸಲ ಖೋಲಿದಾ ಅಲ್ಲಿ ನೋಡಲಿಲ್ಲ, ಅವನ ಕಣ್ಣನ್ನು ನೋಡುತ್ತಿದ್ದಳು.

"ಇಳೀತಾ?" ಎಂದಳು.

ಹೂಂ ಎಂಬುದು ನಾಲಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು, ಇಷ್ಟು ವರ್ಷ ಅಲ್ಲೇ ಇತ್ತು. ತುರ್ಗುನ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ.

"ಇನ್ನೂ ಗೊತ್ತಿಲ್ಲ," ಎಂದ. "ಸ್ವಲ್ಪ ತಡಿ."

ಗಂಜಿ ಸೋರುವ ಕೈಯನ್ನು ಹಾಗೇ ಎತ್ತಿಹಿಡಿದುಕೊಂಡು ಅವಳು ಕಾದಳು.